ಊರಿಗೊಂದು ಬ್ಯಾಂಡು, ಬ್ಯಾಂಡಿಗೊಂದು ಕಂದಾಯ

ಜೂನ್ ತಿಂಗಳ ಭಾನುವಾರದ ಸಂಜೆ. ಗಡಿಯಾರ ಏಳು ಹೊಡೆಯುವ ಹೊತ್ತಾದರೂ ಆ ಊರಿನಲ್ಲಿ ಇನ್ನೂ ಬಿಸಿಲು ಇಳಿದಿರುವುದಿಲ್ಲ. ಓಲ್ಸನ್ ಪಾರ್ಕ್ ಎಂಬ ಉದ್ಯಾನದ ಕಡೆಗೆ ಜನ ಒಬ್ಬೊಬ್ಬರಾಗಿ, ಜೋಡಿಯಾಗಿ, ಮಕ್ಕಳ ಕೈ ಹಿಡಿದುಕೊಂಡು ಬರತೊಡಗುತ್ತಾರೆ. ಕೆಲವರ ಕಂಕುಳಲ್ಲಿ ಮಡಿಸುವ ಕುರ್ಚಿ, ಕೆಲವರ ಹೆಗಲ ಮೇಲೆ ಹಾಸಿಕೊಳ್ಳುವ ಕಂಬಳಿ. ಟಿಕೆಟ್ಟಿನ ಗೊಡವೆಯಿಲ್ಲ. ಅರ್ಧ ಕವುಚಿದ ಬೋಗುಣಿಯಂತಿರುವ ವೇದಿಕೆಯ ಮೇಲೆ ಒಂದೇ ಬಗೆಯ ಉಡುಪು ತೊಟ್ಟವರು ಸಾಲಾಗಿ ಕುಳಿತು ಕ್ಲಾರಿಯೊನೆಟ್, ಕಾರ್ನೆಟ್, ಟ್ರೊಂಬೋನುಗಳ ಶ್ರುತಿ ಕೂಡಿಸುತ್ತಿರುತ್ತಾರೆ. ಹೈಸ್ಕೂಲು ದಾಟದ ಹುಡುಗಿಯ ಪಕ್ಕದಲ್ಲಿ ನಿವೃತ್ತರಾದ ಅಜ್ಜ. ನಾಯಕನ ಕೋಲು ಮೇಲೇಳುತ್ತದೆ. ನಗಾರಿ ಒಂದೇಟು ಗುಡುಗುತ್ತದೆ. ಆಮೇಲೆ ಕಾಲು ತಾನಾಗಿ ತಾಳ ಹಾಕುವುದನ್ನು ತಡೆಯುವುದು ಯಾರಿಗೂ ಸಾಧ್ಯವಿಲ್ಲ.

ಇದು ಅಮೆರಿಕದ ಅಯೋವಾ ರಾಜ್ಯದ ಫೋರ್ಟ್ ಡಾಜ್. ಭೂಪಟದಲ್ಲಿ ಹುಡುಕಿದರೆ ಸಿಗುತ್ತದೆ, ಆದರೆ ಹುಡುಕಲೇಬೇಕು. ಡಿ ಮಾಯ್ನ್ ನದಿಯ ದಂಡೆಯಲ್ಲಿ 1850ರಲ್ಲಿ ಕಟ್ಟಿದ ಒಂದು ಸೈನಿಕ ಠಾಣೆಯ ಸುತ್ತ ಬೆಳೆದ ಊರು. ಸುತ್ತ ಕಣ್ಣು ಹಾಯಿಸಿದಷ್ಟೂ ಮುಸುಕಿನ ಜೋಳದ ಹೊಲ. ನೆಲದಡಿಯಲ್ಲಿ ಜಿಪ್ಸಂ. ಅದನ್ನು ಅಗೆದು, ಸುಟ್ಟು, ಗೋಡೆಯ ಗಾರೆಗೂ ಹಲಗೆಗೂ ಬೇಕಾದ ಪುಡಿ ಮಾಡುವುದೇ ಊರಿನ ಹಳೆಯ ಕಸುಬು. 1920ರಲ್ಲಿ ಈ ಊರಿನ ಜನಸಂಖ್ಯೆ 20 ಸಾವಿರವನ್ನೂ ಮುಟ್ಟಿರಲಿಲ್ಲ. ಇಂದಿಗೂ ಸುಮಾರು 25 ಸಾವಿರ ಅಷ್ಟೇ.

ಇಷ್ಟು ಚಿಕ್ಕ ಊರಿನ ಹೆಸರು ಬ್ಯಾಂಡ್ ನುಡಿಸುವವರ ಬಾಯಲ್ಲಿ ಜಗತ್ತಿನ ಎಲ್ಲೆಲ್ಲೋ ಓಡಾಡುತ್ತದೆ. ಅದಕ್ಕೆ ಕಾರಣ ಇಬ್ಬರು. ಒಬ್ಬರು ಎಂಟನೆಯ ತರಗತಿಗೇ ಶಾಲೆ ಬಿಟ್ಟ ಹುಡುಗ. ಇನ್ನೊಬ್ಬರು ಸಂಗೀತಕ್ಕೂ ಕಂದಾಯಕ್ಕೂ ಗಂಟು ಹಾಕಿದ ಒಬ್ಬ ಮೇಜರ್.

ಹುಡುಗನ ಹೆಸರು ಕಾರ್ಲ್ ಲಾರೆನ್ಸ್ ಕಿಂಗ್. 1891ರ ಫೆಬ್ರವರಿ 21ರಂದು ಓಹಾಯೋ ರಾಜ್ಯದ ಪೇಂಟರ್ಸ್‌ವಿಲ್ ಎಂಬ ಹಳ್ಳಿಯಲ್ಲಿ ಹುಟ್ಟಿದವನು. ತಂದೆತಾಯಿ ಊರೂರು ಬದಲಿಸಿ ಕೊನೆಗೆ ಕ್ಯಾಂಟನ್ ಎಂಬ ಪಟ್ಟಣಕ್ಕೆ ಬಂದು ನಿಂತರು. ಅಲ್ಲೊಂದು ಬ್ಯಾಂಡ್ ಇತ್ತು. ಬೀದಿಯಲ್ಲಿ ಬ್ಯಾಂಡ್ ಹೋದರೆ ಹಿಂದೆ ಓಡುವುದು ಎಲ್ಲ ಊರಿನ ಎಲ್ಲ ಹುಡುಗರ ಚಾಳಿ. ಬಹುಪಾಲು ಹುಡುಗರು ಬೀದಿಯ ಕೊನೆಯವರೆಗೆ ಓಡಿ ಮನೆಗೆ ಮರಳುತ್ತಾರೆ. ಈ ಹುಡುಗ ಮರಳಲಿಲ್ಲ. ಮನೆಮನೆಗೆ ಪತ್ರಿಕೆ ಮಾರಿ ಬಂದ ಚಿಲ್ಲರೆ ಕೂಡಿಟ್ಟು ಒಂದು ಕಾರ್ನೆಟ್ ಕೊಂಡ. ಊರಿನ ಬ್ಯಾಂಡ್ ಮಾಸ್ಟರನ ಬಳಿ ಪಾಠಕ್ಕೆ ಸೇರಿದ. ಕೆಲಕಾಲದ ಮೇಲೆ ಕಾರ್ನೆಟ್ ಬಿಟ್ಟು ಅದಕ್ಕಿಂತ ದಪ್ಪ ದನಿಯ, ತೋಳಿನಲ್ಲಿ ಮಗುವಿನಂತೆ ಅವುಚಿಕೊಂಡು ಊದುವ ಬ್ಯಾರಿಟೋನ್ ಎಂಬ ಹಿತ್ತಾಳೆ ವಾದ್ಯವನ್ನು ಹಿಡಿದ.

ಎಂಟನೆಯ ತರಗತಿ ಮುಗಿದ ಮೇಲೆ ಶಾಲೆ ನಿಂತಿತು. ಹುಡುಗ ಮುದ್ರಣಾಲಯದ ಕೆಲಸ ಕಲಿಯಲು ಹೋದ. ಆ ಕಾಲಕ್ಕೆ ಅದು ಅಲ್ಲಿ ಅಪರೂಪದ ಸಂಗತಿಯೇನಲ್ಲ. ಕೂಲಿ ಮಾಡುವವರ ಮನೆಯ ಬಹಳಷ್ಟು ಮಕ್ಕಳ ಓದು ಅಲ್ಲಿಗೇ ಮುಗಿಯುತ್ತಿತ್ತು. ಹಗಲು ಅಚ್ಚಿನ ಮೊಳೆ ಜೋಡಿಸುವುದು, ಸಂಜೆ ಬ್ಯಾರಿಟೋನ್ ಊದುವುದು, ರಾತ್ರಿ ತನಗೆ ತೋಚಿದ ಸ್ವರಗಳನ್ನು ಗೆರೆ ಹಾಕಿದ ಕಾಗದದ ಮೇಲೆ ಬರೆಯುವುದು. ಹದಿನೆಂಟು ತುಂಬುವ ಹೊತ್ತಿಗೆ ಅವನ ಕೆಲವು ರಚನೆಗಳು ಅಚ್ಚಾಗಿದ್ದವು. ರಾಗ ಸಂಯೋಜನೆಯನ್ನು ಯಾವ ಕಾಲೇಜಿನಲ್ಲೂ ಅವನು ಕಲಿಯಲಿಲ್ಲ. ಇತರರು ಬರೆದದ್ದನ್ನು ನುಡಿಸುತ್ತ ನುಡಿಸುತ್ತ, ಯಾವ ಸ್ವರದ ಕೆಳಗೆ ಯಾವ ಸ್ವರ ಕೂತರೆ ಕಿವಿಗೆ ಹಿತ ಎಂಬುದನ್ನು ಕಿವಿಯಿಂದಲೇ ಕಲಿತ. 'ಹಾಡ್ತಾ ಹಾಡ್ತಾ ರಾಗ' ಎಂಬ ಗಾದೆ ಕನ್ನಡದ್ದಾದರೂ ಅದರ ಸತ್ಯಕ್ಕೆ ಗಡಿಯಿಲ್ಲ.

1910ರಲ್ಲಿ, ಹತ್ತೊಂಬತ್ತನೆಯ ವಯಸ್ಸಿಗೆ, ಹುಡುಗ ಸರ್ಕಸ್ ಸೇರಿದ.

ಇಂದಿನ ಮಕ್ಕಳಿಗೆ ಸರ್ಕಸ್ ಎಂದರೆ ಅಜ್ಜನ ಬಾಯಲ್ಲಿ ಕೇಳಿದ ಕತೆ. ಆದರೆ ರೇಡಿಯೋ ಇಲ್ಲದ, ಸಿನಿಮಾ ಇನ್ನೂ ಮೂಕವಾಗಿದ್ದ ಆ ದಿನಗಳಲ್ಲಿ ಅಮೆರಿಕದ ಸಣ್ಣ ಊರುಗಳಿಗೆ ಸರ್ಕಸ್ ಬರುವುದೆಂದರೆ ಜಾತ್ರೆ ಬಂದಂತೆ. ಆನೆ, ಕುದುರೆ, ಡೇರೆ, ಅಡಿಗೆಯವರು, ವಿದೂಷಕರು ಎಲ್ಲ ರೈಲಿನಲ್ಲಿ ಬಂದಿಳಿಯುವರು. ಬೆಳಿಗ್ಗೆ ಬೀದಿಯಲ್ಲಿ ಮೆರವಣಿಗೆ, ಮಧ್ಯಾಹ್ನ ಒಂದಾಟ, ರಾತ್ರಿ ಒಂದಾಟ, ಆಮೇಲೆ ಡೇರೆ ಬಿಚ್ಚಿ ಮತ್ತೆ ರೈಲು. ಈ ಮೂರಕ್ಕೂ ಬ್ಯಾಂಡ್ ಬೇಕು. ಸರ್ಕಸ್ಸಿನ ಬ್ಯಾಂಡಿಗೆ ಒಂದು ವಿಶೇಷವಿದೆ. ಅಲ್ಲಿ ಪ್ರಾಣಿ ಸಂಗೀತಕ್ಕೆ ಹೆಜ್ಜೆ ಹಾಕುವುದಿಲ್ಲ. ಸಂಗೀತವೇ ಪ್ರಾಣಿಯ ಹೆಜ್ಜೆಗೆ ಹೊಂದಿಕೊಳ್ಳಬೇಕು. ಕುದುರೆ ಓಟ ಬದಲಿಸಿದರೆ ಆ ಕ್ಷಣವೇ ತಾಳ ಬದಲಾಗಬೇಕು. ಆದ್ದರಿಂದ ಬ್ಯಾಂಡಿನ ನಾಯಕನ ಒಂದು ಕಣ್ಣು ಸದಾ ಅಂಗಣದ ಮೇಲೆ. ಎದುರಿಗಿರುವವರನ್ನು ನೋಡಿಕೊಂಡು ನುಡಿಸುವ ಈ ಪಾಠ ಕಿಂಗ್ ಅವರಿಗೆ ಜೀವಮಾನವಿಡೀ ಉಪಯೋಗಕ್ಕೆ ಬಂತು.

1913ರಲ್ಲಿ ಅವರು ಆ ದೇಶದ ಅತಿ ದೊಡ್ಡ ಸರ್ಕಸ್ಸುಗಳಲ್ಲಿ ಒಂದಾದ ಬಾರ್ನಮ್ ಅಂಡ್ ಬೈಲಿ ಕಂಪನಿಯ ಬ್ಯಾಂಡಿನಲ್ಲಿದ್ದರು. ಕಂಪನಿಯ ಹೆಸರಿನಲ್ಲೇ ಒಂದು ಮಾರ್ಚ್ ಬರೆದುಕೊಡುವಂತೆ ಬ್ಯಾಂಡ್ ಮಾಸ್ಟರ್ ಕೇಳಿದಾಗ ಇಪ್ಪತ್ತೆರಡರ ಕಿಂಗ್ ಬರೆದದ್ದು 'ಬಾರ್ನಮ್ ಅಂಡ್ ಬೈಲೀಸ್ ಫೇವರಿಟ್'. ಸರ್ಕಸ್ ಎಂದೊಡನೆ ಜಗತ್ತಿನ ಕಿವಿಯಲ್ಲಿ ಮೊಳಗುವ ರಾಗಗಳಲ್ಲಿ ಅದೂ ಒಂದು. ಮರುವರ್ಷ ಇನ್ನೊಂದು ಸರ್ಕಸ್ಸಿಗೆ ಅವರೇ ಬ್ಯಾಂಡ್ ಮಾಸ್ಟರ್ ಆದರು. 1917 ಮತ್ತು 1918ರಲ್ಲಿ ಬಾರ್ನಮ್ ಅಂಡ್ ಬೈಲಿಯ ಬ್ಯಾಂಡನ್ನೇ ನಡೆಸಿದರು. ನಡುವೆ, 1916ರಲ್ಲಿ, ರೂತ್ ಲವೆಟ್ ಅವರೊಂದಿಗೆ ಮದುವೆಯಾಯಿತು. ಗಂಡ ಬ್ಯಾಂಡ್ ನಡೆಸುವಾಗ ಹೆಂಡತಿ ಕಲೈಯೋಪಿ ನುಡಿಸುತ್ತಿದ್ದರು. ಆವಿಯ ಒತ್ತಡದಿಂದ ಪೀಪಿಗಳು ಕೂಗುವ ಈ ವಾದ್ಯ ಒಂದು ಊರಿನಲ್ಲಿ ಮೊಳಗಿದರೆ ಪಕ್ಕದ ಹಳ್ಳಿಗೂ ಸರ್ಕಸ್ ಬಂತೆಂಬ ಸುದ್ದಿ ಮುಟ್ಟುತ್ತಿತ್ತು!

ಹೆಸರು ಬಂದಿತ್ತು. ಆದರೆ ದಿನಕ್ಕೊಂದು ಊರು, ರಾತ್ರಿಗೊಂದು ರೈಲು ಎಂಬ ಬದುಕಿನಲ್ಲಿ ಸಂಸಾರ ಹೂಡುವುದು ಹೇಗೆ? ಸರ್ಕಸ್ ಬಿಟ್ಟ ಕಿಂಗ್ ಸ್ವಲ್ಪ ಕಾಲ ಕ್ಯಾಂಟನ್ನಿಗೆ ಮರಳಿ, ತಾವು ಪಾಠ ಕಲಿತ ಬ್ಯಾಂಡನ್ನೇ ನಡೆಸಿದರು. 1920ರಲ್ಲಿ ಹೆಂಡತಿ ಮತ್ತು ಎಳೆಯ ಮಗನೊಂದಿಗೆ ಫೋರ್ಟ್ ಡಾಜಿಗೆ ಬಂದರು. ಆ ಊರಿನ 'ಮಿಲಿಟರಿ ಬ್ಯಾಂಡ್' ಹೊಸ ನಾಯಕನಿಗಾಗಿ ಕಾಯುತ್ತಿತ್ತು. ಹೆಸರು ಮಿಲಿಟರಿ ಎಂದಿದ್ದರೂ ಸೈನ್ಯಕ್ಕೂ ಅದಕ್ಕೂ ಸಂಬಂಧವಿರಲಿಲ್ಲ. ಹಿತ್ತಾಳೆಯ ಕಹಳೆಗಳ ಜೊತೆಗೆ ಕ್ಲಾರಿಯೊನೆಟ್, ಕೊಳಲುಗಳೂ ಇರುವ ಮೇಳಕ್ಕೆ ಆ ಕಾಲದಲ್ಲಿ ಹಾಗೆ ಕರೆಯುವ ರೂಢಿ.

ಇಲ್ಲಿ ಆ ಮೇಜರ್ ಕತೆಗೆ ಬರಬೇಕು.

ಅಮೆರಿಕದ ಊರೂರಿನಲ್ಲಿ ಬ್ಯಾಂಡ್ ಇದ್ದ ಕಾಲ ಅದು. ಆದರೆ ಒಂದೊಂದು ಬ್ಯಾಂಡಿನ ಆಯುಸ್ಸೂ ಮಳೆಗಾಲದ ಅಣಬೆಯಷ್ಟೇ. ಹತ್ತಿಪ್ಪತ್ತು ಉತ್ಸಾಹಿಗಳು ಸೇರುವರು. ಅಂಗಡಿಯವರ ಹತ್ತಿರ ವಂತಿಗೆ ಎತ್ತಿ ಉಡುಪು ಹೊಲಿಸುವರು. ಒಂದೆರಡು ಬೇಸಿಗೆ ಮೆರೆಯುವರು. ಆಮೇಲೆ ಬೆಳೆ ಕೈಕೊಟ್ಟ ವರ್ಷ ವಂತಿಗೆ ನಿಲ್ಲುವುದು, ಸಾಲ ಉಳಿಯುವುದು, ಮಾಸ್ಟರು ಬೇರೆ ಊರು ನೋಡಿಕೊಳ್ಳುವರು. ನಗಾರಿ ಯಾರದೋ ಅಟ್ಟ ಸೇರುವುದು. ರಸ್ತೆಗೆ, ನೀರಿಗೆ, ದೀಪಕ್ಕೆ ನಗರಸಭೆ ಕಂದಾಯದ ಹಣ ಖರ್ಚು ಮಾಡಬಹುದು. ಸಂಗೀತಕ್ಕೆ ಮಾಡಲು ಕಾನೂನಿನ ಆಧಾರ ಬೇಕಲ್ಲ!

ಆ ಆಧಾರ ಒದಗಿಸಿದವರು ಸೈನಿಕ ಬ್ಯಾಂಡುಗಳನ್ನು ನಡೆಸಿ ಅನುಭವವಿದ್ದ ಮೇಜರ್ ಜಾರ್ಜ್ ಲ್ಯಾಂಡರ್ಸ್. ಬ್ಯಾಂಡು ವಂತಿಗೆಯ ಮೇಲೆ ಬದುಕುವವರೆಗೆ ಅದು ಭಿಕ್ಷುಕನೇ ಎಂಬುದನ್ನು ಅವರು ಕಂಡಿದ್ದರು. ಅವರ ಪ್ರಯತ್ನದಿಂದ 1921ರಲ್ಲಿ ಅಯೋವಾದ ಶಾಸನ ಸಭೆ ಒಂದು ಕಾನೂನು ಮಾಡಿತು. ಅದರ ತಿರುಳು ಸರಳ. ಊರಿನ ಮತದಾರರಲ್ಲಿ ನಿಗದಿಯಾದಷ್ಟು ಮಂದಿ ಸಹಿ ಹಾಕಿ ಅರ್ಜಿ ಕೊಡಬೇಕು. ಪ್ರಶ್ನೆಯನ್ನು ಚುನಾವಣೆಯಲ್ಲಿ ಜನರ ಮುಂದಿಡಬೇಕು. 'ಹೌದು' ಎಂಬ ಮತ ಹೆಚ್ಚು ಬಿದ್ದರೆ ನಗರಸಭೆ ಆಸ್ತಿಯ ಮೇಲೆ ಒಂದು ಪುಟ್ಟ ಕಂದಾಯ ಹಾಕಿ, ಆ ಹಣದಿಂದ ಸಾರ್ವಜನಿಕರಿಗಾಗಿ ಬ್ಯಾಂಡ್ ನಡೆಸಬಹುದು. 'ಅಯೋವಾ ಬ್ಯಾಂಡ್ ಕಾನೂನು' ಎಂದೇ ಅದು ಹೆಸರಾಯಿತು. ಬೇರೆ ಅನೇಕ ರಾಜ್ಯಗಳು ಇದೇ ಮಾದರಿಯ ಕಾನೂನು ಮಾಡಿಕೊಂಡವು.

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವೇ ಎಂದು ಕೇಳುವವರು ಯಾವ ದೇಶದಲ್ಲಿಲ್ಲ? ಆ ವರ್ಷಗಳಲ್ಲಿ ಅಮೆರಿಕದ ರೈತರ ಸ್ಥಿತಿಯೂ ಚೆನ್ನಾಗಿರಲಿಲ್ಲ. ಮೊದಲ ಮಹಾಯುದ್ಧ ಮುಗಿದ ಮೇಲೆ ಧಾನ್ಯದ ಬೆಲೆ ಬಿದ್ದುಹೋಗಿತ್ತು. ಕಂದಾಯ ಎಂಬ ಶಬ್ದ ಕೇಳಿದರೆ ಮುಖ ಸಿಂಡರಿಸುವ ಕಾಲವೇ. ಆದ್ದರಿಂದಲೇ ಆ ಕಾನೂನಿನ ಸೊಗಸು ಅದರ ಪ್ರಜಾಪ್ರಭುತ್ವದಲ್ಲಿದೆ. ಯಾವ ರಾಜನೂ ಆಸ್ಥಾನದ ಬೊಕ್ಕಸದಿಂದ ಬ್ಯಾಂಡ್ ಸಾಕಲಿಲ್ಲ. ಯಾವ ಶ್ರೀಮಂತನೂ ದಾನ ಕೊಟ್ಟು ಹೆಸರು ಕೆತ್ತಿಸಿಕೊಳ್ಳಲಿಲ್ಲ. ಮನೆ ಇದ್ದವರು, ಹೊಲ ಇದ್ದವರು, ಅಂಗಡಿ ಇದ್ದವರು ತಮ್ಮ ಮೇಲೆ ತಾವೇ ಕೆಲವು ಕಾಸಿನ ಭಾರ ಹಾಕಿಕೊಂಡರು. ಸಂಜೆಯ ಸಂಗೀತವೂ ಬೀದಿಯ ದೀಪದಂತೆ ಊರಿನ ಅಗತ್ಯ ಎಂದು ಒಪ್ಪಿಕೊಂಡ ಸಹಿ ಅದು.

ಫೋರ್ಟ್ ಡಾಜಿನ ಮಿಲಿಟರಿ ಬ್ಯಾಂಡು ಹೀಗೆ ಮುನಿಸಿಪಲ್ ಬ್ಯಾಂಡ್ ಆಯಿತು. ಕಿಂಗ್ ಅವರು ಆ ಸಂತೋಷಕ್ಕೆ ಒಂದು ಮಾರ್ಚ್ ಬರೆದು ಲ್ಯಾಂಡರ್ಸ್ ಅವರಿಗೆ ಅರ್ಪಿಸಿದರು. ಅದರ ಹೆಸರೇ 'ಅಯೋವಾ ಬ್ಯಾಂಡ್ ಲಾ'. ಕಂದಾಯದ ಕಾನೂನೊಂದರ ಮೇಲೆ ಸಂಗೀತ ಹುಟ್ಟಿದ ಉದಾಹರಣೆ ಪ್ರಪಂಚದಲ್ಲಿ ಬೇರೆಷ್ಟಿದ್ದೀತು?

ಊರಿನಲ್ಲಿ ನೆಲೆನಿಂತ ಕಿಂಗ್ ಮತ್ತೆ ಗಂಟುಮೂಟೆ ಕಟ್ಟಲಿಲ್ಲ. ಮನೆಮಟ್ಟಿಗೆ 'ಕೆ. ಎಲ್. ಕಿಂಗ್ ಮ್ಯೂಸಿಕ್ ಹೌಸ್' ಎಂಬ ಪ್ರಕಾಶನ ನಡೆಸಿದರು. ಬೇಸಿಗೆಯ ಸಂಜೆಗಳಲ್ಲಿ ಉದ್ಯಾನದಲ್ಲಿ ಕಛೇರಿ. ರಾಜ್ಯದ ದೊಡ್ಡ ಕೃಷಿ ಮೇಳಗಳಿಗೆ ಬ್ಯಾಂಡನ್ನು ಕರೆದೊಯ್ಯುವುದು. ಮಧ್ಯೆ ಮಧ್ಯೆ ಹೊಸ ರಚನೆ. ಒಟ್ಟು ಸುಮಾರು 300 ಕೃತಿಗಳನ್ನು ಅವರು ಬರೆದರು. ಅವುಗಳಲ್ಲಿ ಅರ್ಧಕ್ಕಿಂತ ಎಷ್ಟೋ ಹೆಚ್ಚು ಮಾರ್ಚುಗಳೇ. 1930ರ ಹೊತ್ತಿಗೆ ಅಮೆರಿಕದ ಹೆಸರಾಂತ ಬ್ಯಾಂಡ್ ಮಾಸ್ಟರುಗಳು ಸೇರಿ ಕಟ್ಟಿಕೊಂಡ ಸಂಘದ ಸ್ಥಾಪಕ ಸದಸ್ಯರಲ್ಲಿ ಅವರೂ ಒಬ್ಬರು. ಮುಂದೆ ಅದರ ಅಧ್ಯಕ್ಷರೂ ಆದರು.

ಆದರೆ ವಿದ್ಯಾರ್ಥಿಗಳೂ ಅವರ ತಂದೆತಾಯಿಗಳೂ ಗಮನಿಸಬೇಕಾದ ಸಂಗತಿ ಬೇರೆಯೇ ಇದೆ.

ಕಿಂಗ್ ಫೋರ್ಟ್ ಡಾಜಿಗೆ ಬಂದ ಹತ್ತಿಪ್ಪತ್ತು ವರ್ಷಗಳಲ್ಲಿ ಊರ ಬ್ಯಾಂಡುಗಳ ಕಾಲ ಇಳಿಮುಖವಾಯಿತು. ಮನೆಯಲ್ಲೇ ರೇಡಿಯೋ ಹಾಡಿತು. ಸಿನಿಮಾಕ್ಕೆ ಮಾತು ಬಂತು. ಮೋಟಾರು ಕಾರು ಕೊಂಡವರು ಭಾನುವಾರದ ಸಂಜೆ ಉದ್ಯಾನಕ್ಕೆ ಬರುವ ಬದಲು ಊರಾಚೆಗೆ ಹೊರಟರು. ಅದೇ ಹೊತ್ತಿಗೆ ಇನ್ನೊಂದು ಬೆಳೆ ತಲೆಯೆತ್ತಿತು. ಅದು ಶಾಲಾ ಬ್ಯಾಂಡ್. 1923ರಲ್ಲಿ ಷಿಕಾಗೋ ನಗರದಲ್ಲಿ ಮೊತ್ತಮೊದಲ ರಾಷ್ಟ್ರಮಟ್ಟದ ಶಾಲಾ ಬ್ಯಾಂಡ್ ಸ್ಪರ್ಧೆ ನಡೆಯಿತು. ಅದರ ಬೆನ್ನಿಗೆ ನಿಂತವರು ವಾದ್ಯ ತಯಾರಕರು. ಊರ ಬ್ಯಾಂಡು ಬಡವಾದರೆ ಶಾಲೆಗಾದರೂ ವಾದ್ಯ ಮಾರೋಣ ಎಂಬ ವ್ಯಾಪಾರದ ಲೆಕ್ಕ ಅವರದು. ಲೆಕ್ಕ ಯಾರದ್ದೇ ಇರಲಿ, ಸಾವಿರಾರು ಮಕ್ಕಳ ಕೈಗೆ ವಾದ್ಯವಂತೂ ಬಂತು.

ಆ ಮಕ್ಕಳು ನುಡಿಸುವುದಾದರೂ ಏನನ್ನು? ಸರ್ಕಸ್ಸಿನ ಮಾರ್ಚುಗಳ ವೇಗಕ್ಕೆ ಪಳಗಿದವರ ನಾಲಿಗೆಯೂ ಬೆರಳೂ ತೊದಲುತ್ತವೆ. ಹನ್ನೆರಡು ಹದಿಮೂರರ ಮಕ್ಕಳ ಪಾಡೇನು? ಎಂಟನೆಯ ತರಗತಿಗೇ ಶಾಲೆಯಿಂದ ಹೊರಬಿದ್ದಿದ್ದ ಕಿಂಗ್ ಈಗ ಶಾಲಾ ಮಕ್ಕಳಿಗಾಗಿ ಬರೆಯತೊಡಗಿದರು. ಎತ್ತರದ ಸ್ವರ ಕಡಿಮೆ, ಬೆರಳಿನ ಕಸರತ್ತು ಕಡಿಮೆ, ಆದರೆ ರಾಗದ ರುಚಿ ಕಡಿಮೆಯಿಲ್ಲ. ಸುಲಭವೆಂದರೆ ಸಪ್ಪೆ ಎಂದು ಅವರು ತಿಳಿಯಲಿಲ್ಲ. ಬೀದಿಯಲ್ಲಿ ಬ್ಯಾಂಡಿನ ಹಿಂದೆ ಓಡಿದ ಹುಡುಗ ಅವರೊಳಗೆ ಇನ್ನೂ ಇದ್ದಿರಬೇಕು. ಒಂದು ಕಡೆ ವಿಶ್ವವಿದ್ಯಾನಿಲಯದ ದೊಡ್ಡ ಬ್ಯಾಂಡುಗಳಿಗೂ ಬರೆದರು. ಇಲಿನಾಯ್ ವಿಶ್ವವಿದ್ಯಾನಿಲಯಕ್ಕೆ ಅವರು ಬರೆದ 'ಪ್ರೈಡ್ ಆಫ್ ದಿ ಇಲಿನೈ' ಅಲ್ಲಿನ ವಿದ್ಯಾರ್ಥಿಗಳಿಗೆ ಅಚ್ಚುಮೆಚ್ಚು. ಇನ್ನೊಂದು ಕಡೆ, ವಾದ್ಯ ಹಿಡಿದು ಒಂದು ವರ್ಷವೂ ಆಗದ ಹಳ್ಳಿ ಹುಡುಗನಿಗೂ ಬರೆದರು. ತಮಗೆ ಸಿಗದ ಶಾಲೆಗೆ ಅವರು ಹಿಂದಿರುಗಿದ್ದು ಹೀಗೆ.

ಈ ಕತೆಯನ್ನು ಕೇಳಿ ಯಾವ ಹುಡುಗನೂ 'ಕಿಂಗ್ ಕೂಡ ಓದಲಿಲ್ಲ, ನಾನೇಕೆ ಓದಬೇಕು' ಎಂದು ಅಪ್ಪನ ಮುಂದೆ ವಾದ ಹೂಡಬೇಕಾಗಿಲ್ಲ. ಶಾಲೆ ಬಿಟ್ಟವರೆಲ್ಲ ಕಿಂಗ್ ಆಗಲಿಲ್ಲ. ಅವರು ಶಾಲೆ ಬಿಟ್ಟರೂ ಕಲಿಯುವುದನ್ನು ಬಿಡಲಿಲ್ಲ ಎಂಬುದೇ ಇಲ್ಲಿನ ಪಾಠ. ಹಾಗೆಯೇ, 'ಸಂಗೀತದಿಂದ ಏನು ಬಂತು, ಅಂಕ ಬರುತ್ತದೆಯೇ' ಎಂದು ಕೇಳುವ ಅಪ್ಪ ಅಮ್ಮಂದಿರೂ ಒಂದು ಕ್ಷಣ ಯೋಚಿಸಬಹುದು. ಫೋರ್ಟ್ ಡಾಜಿನ ಬ್ಯಾಂಡಿನಲ್ಲಿ ಕುಳಿತವರಲ್ಲಿ ಹೆಚ್ಚಿನವರು ಸಂಗೀತದಿಂದಲೇ ಹೊಟ್ಟೆ ಹೊರೆದವರಲ್ಲ. ಹಗಲು ಅವರಿಗೆ ಬೇರೆ ಕೆಲಸವಿತ್ತು. ಸಂಗೀತ ಅವರಿಗೆ ಕೊಟ್ಟದ್ದು ಸಂಜೆಯನ್ನು, ಸಂಗಾತಿಗಳನ್ನು, ಊರಿನಲ್ಲೊಂದು ಗೌರವದ ಸ್ಥಾನವನ್ನು. ಅಂಕಪಟ್ಟಿಯಲ್ಲಿ ಇದಕ್ಕೆ ಕಲಂ ಇಲ್ಲ.

ತಂದೆತಾಯಿಗಳ ಈ ಆಸೆ-ಅನುಮಾನಗಳನ್ನೇ ಇಟ್ಟುಕೊಂಡು ಇನ್ನೊಬ್ಬ ಅಯೋವಾದವರು ನಾಟಕ ಬರೆದರು. ಮೇಸನ್ ಸಿಟಿ ಎಂಬ ಊರಿನಲ್ಲಿ ಹುಟ್ಟಿದ ಮೆರೆಡಿತ್ ವಿಲ್ಸನ್ ಅವರ 'ದಿ ಮ್ಯೂಸಿಕ್ ಮ್ಯಾನ್' 1957ರಲ್ಲಿ ನ್ಯೂಯಾರ್ಕಿನ ರಂಗವೇರಿತು. ಅದರಲ್ಲಿ ಒಬ್ಬ ಮಾತುಗಾರ ಮೋಸಗಾರ ಅಯೋವಾದ ಕಲ್ಪಿತ ಊರೊಂದಕ್ಕೆ ಬಂದು, ಮಕ್ಕಳ ಬ್ಯಾಂಡ್ ಕಟ್ಟುತ್ತೇನೆಂದು ನಂಬಿಸಿ ವಾದ್ಯಕ್ಕೂ ಉಡುಪಿಗೂ ದುಡ್ಡು ಕೀಳುತ್ತಾನೆ. ಅವನಿಗೆ ಸಂಗೀತದ ಗಂಧಗಾಳಿಯೂ ಗೊತ್ತಿಲ್ಲ. ಕೊನೆಗೆ ಮಕ್ಕಳು ಅಪಸ್ವರದಲ್ಲಿ ಊದಿದಾಗ ಹೆತ್ತವರಿಗೆ ಅದೇ ಗಂಧರ್ವಗಾನವಾಗಿ ಕೇಳುತ್ತದೆ. ಪ್ರೇಕ್ಷಕರು ಬಿದ್ದು ಬಿದ್ದು ನಗುತ್ತಾರೆ. ಶಾಲೆಯ ವಾರ್ಷಿಕೋತ್ಸವದಲ್ಲಿ ಮುಂದಿನ ಸಾಲಿನಲ್ಲಿ ಕುಳಿತು ಮಗಳ ಹಾಡು ಕೇಳಿದ ಯಾವ ತಾಯಿಯೂ ಆ ನಗುವಿನಲ್ಲಿ ತನ್ನನ್ನು ಗುರುತಿಸದೆ ಇರಲಾರಳು. ನಾಟಕದ ಆ ಊರಿಗೆ ಬಂದವನು ಸುಳ್ಳು ಮಾಸ್ಟರ್. ಫೋರ್ಟ್ ಡಾಜಿಗೆ ಬಂದವರು ನಿಜದ ಮಾಸ್ಟರ್. ವ್ಯತ್ಯಾಸ ಅಷ್ಟೇ. ಆಸೆ ಎರಡು ಊರಿನದೂ ಒಂದೇ.

ನಿಜದ ಮಾಸ್ಟರ್ ಎಷ್ಟು ಕಾಲ ನಿಂತರು? ಐವತ್ತು ವರ್ಷಕ್ಕೂ ಮೀರಿ. 1920ರಲ್ಲಿ ಹಿಡಿದ ಕೋಲನ್ನು 1971ರ ಮಾರ್ಚ್ 31ರಂದು ಎಂಬತ್ತನೆಯ ವಯಸ್ಸಿನಲ್ಲಿ ತೀರಿಕೊಳ್ಳುವವರೆಗೂ ಅವರು ಮತ್ತೊಬ್ಬರಿಗೆ ಒಪ್ಪಿಸಿರಲಿಲ್ಲ. ಅವರ ಕಾಲದಲ್ಲೇ ಸರ್ಕಸ್ಸಿನ ದೊಡ್ಡ ಡೇರೆಗಳು ಮಡಚಿಹೋದವು. ದೇಶ ಸುತ್ತಿ ಹಣ ಮಾಡುತ್ತಿದ್ದ ಹೆಸರಾಂತ ಬ್ಯಾಂಡುಗಳೂ ನಾಯಕರೊಂದಿಗೆ ಮಣ್ಣಾದವು. ಮಾರ್ಚುಗಳ ರಾಜನೆನಿಸಿದ್ದ ಸೂಸಾ ಅವರ ಬ್ಯಾಂಡ್ 1932ರಲ್ಲಿ ಅವರ ಸಾವಿನೊಂದಿಗೆ ಮುಗಿಯಿತು. ಫೋರ್ಟ್ ಡಾಜಿನ ಬ್ಯಾಂಡ್ ಮಾತ್ರ ನಾಯಕ ಹೋದ ಮೇಲೂ ಉಳಿಯಿತು. ಏಕೆಂದರೆ ಅದು ನಾಯಕನ ಆಸ್ತಿಯಾಗಿರಲಿಲ್ಲ, ಊರಿನದಾಗಿತ್ತು. ಊರು ಮಾಡಿದ್ದಿಷ್ಟೇ: ಬ್ಯಾಂಡಿಗೆ ಅವರ ಹೆಸರಿಟ್ಟು ಮುಂದುವರಿಸಿತು. ಈಗ ಅದು 'ಕಾರ್ಲ್ ಎಲ್. ಕಿಂಗ್ ಮುನಿಸಿಪಲ್ ಬ್ಯಾಂಡ್'. ಊರಿನ ಒಂದು ಮೇಲ್ಸೇತುವೆಗೆ ಅವರ ಹೆಸರಿದೆ. ಪೇಟೆಯ ನಡುವಿನ ಚೌಕದಲ್ಲಿ ಅವರ ಪ್ರತಿಮೆ ನಿಂತಿದೆ. ಉದ್ಯಾನದ ಆ ಬೋಗುಣಿ ವೇದಿಕೆಗೂ ಅವರದೇ ಹೆಸರು.

ಬ್ಯಾಂಡಿನ ಮಾರ್ಚುಗಳನ್ನು ಅಚ್ಚು ಮಾಡುವ ರೀತಿಯೊಂದಿದೆ. ನಡೆಯುತ್ತ ನುಡಿಸುವಾಗ ವಾದ್ಯಕ್ಕೇ ಸಿಕ್ಕಿಸಿಕೊಳ್ಳಲು ಅನುಕೂಲವಾಗಲೆಂದು ಅಂಗೈಗಿಂತ ತುಸು ದೊಡ್ಡದಾದ ಹಾಳೆಯಲ್ಲಿ ಅದನ್ನು ಮುದ್ರಿಸುತ್ತಾರೆ. ಒಬ್ಬೊಬ್ಬರಿಗೆ ಒಂದೊಂದು ಹಾಳೆ. ಅದರಲ್ಲಿರುವುದು ಅವರ ವಾದ್ಯದ ಸ್ವರ ಮಾತ್ರ. ಮೂರನೆಯ ಕಾರ್ನೆಟ್ ನುಡಿಸುವ ಹುಡುಗ ಮನೆಯಲ್ಲಿ ಕೂತು ಅಭ್ಯಾಸ ಮಾಡಿದರೆ ಅಕ್ಕಪಕ್ಕದವರಿಗೆ ಅದು ಹಾಡೆಂದೇ ತಿಳಿಯುವುದಿಲ್ಲ. ಎರಡು ಸ್ವರ ಊದುವುದು, ನಾಲ್ಕು ಎಣಿಕೆ ಸುಮ್ಮನಿರುವುದು, ಮತ್ತೆ ಎರಡು ಸ್ವರ. 'ಇದೇನೋ ನಿನ್ನ ಪೋಂ ಪೋಂ' ಎಂದು ಅಡಿಗೆಮನೆಯಿಂದ ಕೂಗು ಬಂದರೆ ಆಶ್ಚರ್ಯವಿಲ್ಲ.

ಅದೇ ಹುಡುಗ ಭಾನುವಾರ ಸಂಜೆ ವೇದಿಕೆಯ ಮೇಲೆ, ತನ್ನ ಎಡಬಲದವರ ನಡುವೆ, ಅದೇ ಎರಡು ಸ್ವರ ಊದುತ್ತಾನೆ. ನಾಲ್ಕು ಎಣಿಕೆ ಸುಮ್ಮನಿರುತ್ತಾನೆ. ಆ ನಾಲ್ಕು ಎಣಿಕೆಯಲ್ಲಿ ಬ್ಯಾರಿಟೋನಿನ ದಪ್ಪ ದನಿ ಹಾದುಹೋಗುವುದನ್ನು ಅವನು ಮೊದಲ ಬಾರಿ ಕೇಳುತ್ತಾನೆ. ಮಡಿಸುವ ಕುರ್ಚಿಯಲ್ಲಿ ಕುಳಿತ ಅವನ ತಾಯಿಯೂ ಕೇಳುತ್ತಾಳೆ. ವಾರವಿಡೀ ಮನೆಯಲ್ಲಿ ಕೇಳಿದ್ದ ಪೋಂ ಪೋಂ ಎಲ್ಲಿ ಕೂರಬೇಕಿತ್ತು ಎಂಬುದು ಅವಳಿಗೆ ಅರ್ಥವಾಗುವುದು ಆಗಲೇ.